ಲೆಕ್ಕ ಬರೆದಲ್ಲಿ ವಿಶ್ವಾಸ: ಪೊಲೀಸ್ ಠಾಣೆ ಮತ್ತು ನಾವು

(ನಾಲತವಾಡದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆ ಅಂದರೆ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ಮಾತು. ಇವತ್ತು ಬೇರೆ ಒಂದು ವಿಷಯ ತೆಗೆದುಕೊಂಡಿದ್ದೇವೆ. ಅದು ಪೊಲೀಸರ ವಿಷಯ. ಈ ಹೆಸರು ಹೇಳಿದ ಕೂಡಲೇ ‘ಅವರ ಸಹವಾಸ ನಮಗ್ಯಾಕ್ರೀ?’ ಅನ್ನೋರು ಇದ್ದಾರೆ. ‘ಠಾಣೆ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ಊರಾಗ ಮರ್ಯಾದಿ ಉಳಿಯೂದಿಲ್ಲ’ ಅನ್ನೋರೂ ಇದ್ದಾರೆ. ಮಕ್ಕಳು ಊಟ ಮಾಡದೆ ಹಟ ಮಾಡಿದರೆ ‘ಪೊಲೀಸಪ್ಪನ್ನ ಕರೀತೀನಿ ನೋಡು’ ಅಂತ ಹೆದರಿಸುವವರೂ ನಾವೇ. ಹೀಗೆ ಸಣ್ಣಂದಿನಿಂದಲೇ ಅಂಜಿಕೆ ಕಲಿಸುತ್ತೇವೆ. ನಾಳೆ ನಿಜವಾದ ಕಷ್ಟ ಬಂದಾಗ ಅದೇ ಅಂಜಿಕೆ ನಮ್ಮ ಕಾಲು ಹಿಡಿದು ನಿಲ್ಲಿಸುತ್ತದೆ.

ಮೊದಲು ಒಂದು ಪ್ರಶ್ನೆ ಕೇಳತೀನಿ. ನಿಮ್ಮ ಸಂಘದಾಗ ವಾರ ವಾರ ರೊಕ್ಕ ಕಟ್ಟತೀರಿ. ಕೂಲಿ ಮಾಡಿ, ಹಾಲು ಮಾರಿ, ರೊಟ್ಟಿ ಬಡಿದು ಗಳಿಸಿದ ರೊಕ್ಕ ಅದು. ಅದನ್ನ ಇನ್ನೊಬ್ಬಾಕೀ ಕೈಯಾಗ ಕೊಡತೀರಿ. ಆಕೀ ನಿಮಗ ಒಡಹುಟ್ಟಿದಾಕಿ ಅಲ್ಲ, ಬೀಗತಿನೂ ಅಲ್ಲ. ಆದರೂ ನಂಬತೀರಿ. ಯಾಕ? ಆಕೀ ಪಾಸ್‌ಬುಕ್ಕಿನಾಗ ಬರೀತಾಳ. ನಡಾವಳಿ ಪುಸ್ತಕ ಎಲ್ಲರ ಮುಂದ ಓದತಾಳ. ಸಹಿ ಬಾರದವರ ಹೆಬ್ಬೆಟ್ಟು ತಗೋತಾಳ. ಒಂದು ವಾರ ಬರೀಲಿಲ್ಲ ಅಂದ್ರ ‘ಯಾಕವ್ವಾ, ನಂದು ಯಾಕ ಬರದಿಲ್ಲ?’ ಅಂತ ನೀವು ಅಲ್ಲೇ ಕೇಳತೀರಿ. ಲೆಕ್ಕ ಬರೆದಲ್ಲಿ ವಿಶ್ವಾಸ ಇರುತ್ತದೆ. ಲೆಕ್ಕ ಕೇಳುವವರು ಇದ್ದಲ್ಲಿ ಆ ವಿಶ್ವಾಸ ಉಳಿಯುತ್ತದೆ.

ಇಂದು ನಾನು ಹೇಳಬೇಕಾದ ಮಾತು ಇಷ್ಟೇ. ಪೊಲೀಸ್ ಠಾಣೆಯಲ್ಲೂ ಪುಸ್ತಕ ಇರುತ್ತದೆ, ಬರೆಯಬೇಕಾದವರು ಇರುತ್ತಾರೆ. ಅಲ್ಲಿ ನಮ್ಮ ಮಾತು ಬರಹಕ್ಕೆ ಇಳಿಯಬೇಕು, ಅದರ ಪ್ರತಿ ನಮ್ಮ ಕೈಗೆ ಬರಬೇಕು. ಅದನ್ನು ಕೇಳುವ ಧೈರ್ಯ ನಮ್ಮಲ್ಲಿ ಬರಬೇಕು. ಪೊಲೀಸರನ್ನು ಬೈದರೂ ವಿಶ್ವಾಸ ಬರುವುದಿಲ್ಲ, ಕೈ ಮುಗಿದು ನಿಂತರೂ ಬರುವುದಿಲ್ಲ.

ಈ ಅಂಜಿಕೆ ಎಲ್ಲಿಂದ ಬಂತು?

ನಮ್ಮ ವಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಸರಕಾರದ ಕೆಳಗೆ ಇತ್ತು. ಈಗಲೂ ನಮ್ಮ ಹಿರಿಯರು ಪಿಎಸ್‌ಐ ಸಾಹೇಬರಿಗೆ ಫೌಜದಾರ ಅಂತಲೇ ಅನ್ನುತ್ತಾರೆ. ಬ್ರಿಟಿಷರು ಪೊಲೀಸ್ ಇಲಾಖೆ ಕಟ್ಟಿದ್ದು ಜನರ ಸೇವೆಗಲ್ಲ, ಜನರನ್ನು ಅಂಕೆಯಲ್ಲಿ ಇಡುವುದಕ್ಕೆ. 1902-03ರಲ್ಲಿ ಬ್ರಿಟಿಷ್ ಸರಕಾರವೇ ನೇಮಿಸಿದ ಪೊಲೀಸ್ ಆಯೋಗ ಪೊಲೀಸರಲ್ಲಿ ಲಂಚ, ದಬ್ಬಾಳಿಕೆ ತುಂಬಿದೆ ಎಂದು ವರದಿ ಕೊಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಬದಲಾಯಿತು. 1963ರಲ್ಲಿ ನಮ್ಮ ರಾಜ್ಯಕ್ಕೆ ಬೇರೆ ಪೊಲೀಸ್ ಕಾಯ್ದೆ ಬಂತು. 2025ರ ಅಕ್ಟೋಬರದಲ್ಲಿ ಕಾನ್‌ಸ್ಟೇಬಲ್‌ಗಳ ಹಳೆಯ ಸ್ಲೋಚ್ ಟೋಪಿ ಹೋಗಿ ನೀಲಿ ಟೋಪಿ ಬಂತು. ಆದರೆ ಟೋಪಿ ಬದಲಾದಷ್ಟು ಬೇಗ ರೂಢಿ ಬದಲಾಗುವುದಿಲ್ಲ. ಬಡವರು ಬಂದರೆ ಏಕವಚನ, ಶ್ರೀಮಂತರು ಬಂದರೆ ಕುರ್ಚಿ - ಈ ರೂಢಿ ಇನ್ನೂ ಎಷ್ಟೋ ಕಡೆ ಉಳಿದಿದೆ.

ನಮ್ಮ ಜಿಲ್ಲೆಯಲ್ಲೇ ನಡೆದದ್ದು

ದೂರದ ಉದಾಹರಣೆ ಬೇಡ. ಭೀಮಾ ತೀರದ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ಎರಡು ಮನೆತನಗಳ ಹಳೆಯ ವೈರ. 2017ರ ಅಕ್ಟೋಬರ್ 30ರಂದು ಕೊಂಕಣಗಾಂವದಲ್ಲಿ ಒಂದು ಕಡೆಯ ಯುವಕ ಪೊಲೀಸರ ಗುಂಡಿಗೆ ಸತ್ತ. ಎನ್‌ಕೌಂಟರ್ ಅಂತ ಪತ್ರಿಕೆಯಲ್ಲಿ ಬಂತು. ಅವನ ಸಹೋದರ ಅದೇ ಹೊತ್ತಿಗೆ ಕಾಣೆಯಾದ. ತಾಯಿ ಸುಮ್ಮನೆ ಕೂಡಲಿಲ್ಲ, ಮಗ ಎಲ್ಲಿ ಎಂದು ಕೇಳುತ್ತಲೇ ಹೋದಳು. ಕೊನೆಗೆ ತನಿಖೆ ಸಿಐಡಿಗೆ ಹೋಯಿತು. 2018ರಲ್ಲಿ ಸಿಐಡಿಯವರು ಬಂಧಿಸಿದ್ದು ಯಾರನ್ನು? ಆ ಎನ್‌ಕೌಂಟರ್ ಮಾಡಿದ ಪಿಎಸ್‌ಐಯನ್ನೇ, ಜೊತೆಗೆ ಕೆಲವು ಕಾನ್‌ಸ್ಟೇಬಲ್‌ಗಳನ್ನು. ಕಾಣೆಯಾದ ಸಹೋದರನನ್ನು ಪೊಲೀಸರೇ ವೈರಿಗಳ ಕೈಗೆ ಒಪ್ಪಿಸಿದರು, ಅವರು ಅವನನ್ನು ಕೊಂದರು ಎಂಬುದು ಆರೋಪ.

ಆರೋಪ ನಿಜವೋ ಸುಳ್ಳೋ ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಸತ್ತವರ ಮೇಲೂ ಕೇಸುಗಳಿದ್ದವು. ಆದರೆ ಒಂದು ಮಾತು ನೆನಪಿಡಿ. ‘ರೌಡಿ ಸತ್ತ, ಛಲೋ ಆತು ಬಿಡ್ರಿ’ ಅಂತ ನಾವು ಅಂದುಬಿಡುತ್ತೇವೆ. ಕೋರ್ಟು, ಸಾಕ್ಷಿ, ವಿಚಾರಣೆ ಇಲ್ಲದೆ ಶಿಕ್ಷೆ ಕೊಡುವ ಅಧಿಕಾರ ಪೊಲೀಸರಿಗೆ ಒಮ್ಮೆ ಸಿಕ್ಕಿತು ಅಂದರೆ ಅದು ರೌಡಿಯ ಹತ್ತಿರವೇ ನಿಲ್ಲುವುದಿಲ್ಲ. ನಾಳೆ ಯಾರು ರೊಕ್ಕ ಕೊಡುತ್ತಾರೋ ಅವರ ವೈರಿಯ ಮನೆಗೆ ಬರುತ್ತದೆ. ನಾಡಿದ್ದು ಕಬ್ಬು ಕಡಿಯಲು ಹೋದ ನಿಮ್ಮ ಮಗನ ಮೇಲೆ ಕಳವಿನ ಸಂಶಯ ಬಂದರೆ, ಅವನನ್ನು ಯಾವ ಪುಸ್ತಕದಲ್ಲೂ ಬರೆಯದೆ ಎಳೆದುಕೊಂಡು ಹೋದರೆ, ಆಗ ಯಾರನ್ನು ಕೇಳುತ್ತೀರಿ?

ಬರೆದುಕೊಳ್ಳದ ದೂರು

ಇನ್ನೊಂದು ತಪ್ಪು ಇದೆ. ಹೊಡೆಯುವುದಷ್ಟೇ ತಪ್ಪಲ್ಲ. ಕೇಳಿಸಿಕೊಳ್ಳದೆ ಇರುವುದೂ ತಪ್ಪೇ.

2024ರ ಮೇ 15ರಂದು ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ 20 ವರ್ಷದ ಹುಡುಗಿಯೊಬ್ಬಳನ್ನು ಅವಳ ಮನೆಯಲ್ಲೇ ಚಾಕುವಿನಿಂದ ಇರಿದು ಕೊಂದರು. ಬಡ ಮನೆಯ ಹುಡುಗಿ, ಅಜ್ಜಿಯ ಆಸರೆಯಲ್ಲಿ ಬೆಳೆದವಳು. ಹಿಂದೆ ಬಿದ್ದಿದ್ದ ಹುಡುಗ ಕೊಲ್ಲುತ್ತೇನೆ ಎಂದು ಮೊದಲೇ ಬೆದರಿಸಿದ್ದ. ಅಜ್ಜಿ ಠಾಣೆಗೆ ಹೋಗಿ ಹೇಳಿದ್ದಳು. ಅಲ್ಲಿ ಅವಳ ಮಾತಿಗೆ ಬೆಲೆ ಸಿಗಲಿಲ್ಲ, ಸುಮ್ಮನೆ ಇಲ್ಲದ ಚಿಂತೆ ಮಾಡಬೇಡ ಎಂಬಂತೆ ಕಳಿಸಿಬಿಟ್ಟರು ಎಂದು ಮನೆಯವರು ಹೇಳಿದರು. ಕೊಲೆಯಾದ ಮೇಲೆ ಕರ್ತವ್ಯಲೋಪಕ್ಕಾಗಿ ಠಾಣೆಯ ಇನ್ಸ್‌ಪೆಕ್ಟರ್ ಮತ್ತು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅಮಾನತು ಆದರು. ಕೆಲವು ದಿನಗಳಲ್ಲಿ ಡಿಸಿಪಿ ದರ್ಜೆಯ ಅಧಿಕಾರಿಯೂ ಅಮಾನತು ಆದರು. ಆದರೆ ಹೋದ ಜೀವ ಅಮಾನತಿನಿಂದ ಬರುತ್ತದೆಯೇ?

ಇದರಲ್ಲಿ ಎರಡು ಪಾಠಗಳಿವೆ. ಒಂದು, ಠಾಣೆಯಲ್ಲಿ ಮಹಿಳಾ ಪೊಲೀಸ್ ಇದ್ದ ಮಾತ್ರಕ್ಕೆ ಹೆಣ್ಣಿನ ಕಷ್ಟ ಅರ್ಥವಾಗುತ್ತದೆ ಅಂತ ಹೇಳಲಾಗದು. ರೂಢಿ ಬದಲಾಗಬೇಕು. ಎರಡು, ಆ ಅಜ್ಜಿ ತನ್ನ ಕೆಲಸ ಮಾಡಿದ್ದಳು. ಅವಳಿಗೆ ಬರೆಯಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬೇಡ. ಬಾಯಿಂದ ಹೇಳಿದ ದೂರನ್ನು ಠಾಣಾಧಿಕಾರಿಯೇ ಬರೆದುಕೊಳ್ಳಬೇಕು, ಬರೆದದ್ದನ್ನು ಓದಿ ಹೇಳಬೇಕು, ಆಮೇಲೆ ಸಹಿ ತೆಗೆದುಕೊಳ್ಳಬೇಕು. ಇದು ಕಾನೂನಿನ ಮಾತು. ‘ನನಗ ಓದಾಕ ಬರೂದಿಲ್ರಿ, ಬರದದ್ದು ಓದಿ ಹೇಳ್ರಿ, ಆಮ್ಯಾಲ ಹೆಬ್ಬೆಟ್ಟು ಒತ್ತತೀನಿ’ ಅಂತ ಧೈರ್ಯವಾಗಿ ಹೇಳಿರಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಖಾಲಿ ಹಾಳೆಗೆ ಅಂತೂ ಒತ್ತಲೇಬೇಡಿರಿ.

ಖಾಕಿ ಅಂಗಿಯ ಒಳಗೂ ಮನುಷ್ಯ

ಪೊಲೀಸರ ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಜಾತ್ರೆಗೆ ನಾವು ಹೋಗಿ ತೇರು ನೋಡುತ್ತೇವೆ. ಅವರು ಬಿಸಿಲಲ್ಲಿ ನಿಂತಿರುತ್ತಾರೆ. ಹಬ್ಬಕ್ಕೆ ಮನೆಯಿಲ್ಲ, ಮಗುವಿಗೆ ಜ್ವರ ಬಂದರೆ ರಜೆ ಇಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ರಾಜ್ಯದ ಕೆಳಹಂತದ ಪೊಲೀಸರು ಎದ್ದು ನಿಂತಿದ್ದರು. ಸಂಬಳ ಕಡಿಮೆ, ರಜೆ ಕೊಡುವುದಿಲ್ಲ, ಮೇಲಧಿಕಾರಿಗಳು ಮನೆಯ ಚಾಕರಿಗೆ ದುಡಿಸಿಕೊಳ್ಳುತ್ತಾರೆ - ಇವು ಅವರ ದೂರುಗಳು. ಆಮೇಲೆ ಔರಾದ್ಕರ್ ಸಮಿತಿಯ ವರದಿ ಬಂತು, 2019ರಲ್ಲಿ ಸಂಬಳ ಸ್ವಲ್ಪ ಸುಧಾರಿಸಿತು. ಮೇಲಿನವರು ಕಾನ್‌ಸ್ಟೇಬಲ್‌ನನ್ನು ತುಳಿದರೆ ಅವನು ಆ ಸಿಟ್ಟನ್ನು ಠಾಣೆಗೆ ಬಂದ ಬಡವಿಯ ಮೇಲೆ ತೀರಿಸುತ್ತಾನೆ. ಇದು ತಪ್ಪಿಗೆ ಸಮರ್ಥನೆ ಅಲ್ಲ, ಕಾರಣ.

ಇನ್ನೊಂದು ಕಾರಣ ಲಂಚ. ನಮ್ಮ ಪಕ್ಕದ ಕಲಬುರಗಿಯಲ್ಲಿ ಏನಾಯಿತು? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. 50 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. 2022ರ ಏಪ್ರಿಲ್‌ದಲ್ಲಿ ಸಿಐಡಿ ತನಿಖೆ ಸುರುವಾಯಿತು. ಕಲಬುರಗಿಯ ಒಂದು ಖಾಸಗಿ ಶಾಲೆಯ ಪರೀಕ್ಷಾ ಕೇಂದ್ರದಲ್ಲೇ ಉತ್ತರ ಪತ್ರಿಕೆ ತಿದ್ದಿದ್ದಾರೆ, ರೊಕ್ಕ ಕೈ ಬದಲಾಗಿದೆ ಎಂಬ ಆರೋಪ ಹೊರಬಿತ್ತು. ಪರೀಕ್ಷೆ ರದ್ದಾಯಿತು. ಅದೇ ಜುಲೈದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಬಂಧಿಸಿದರು. 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಹಗಲೂ ರಾತ್ರಿ ಓದಿದ ಬಡವರ ಮಕ್ಕಳು ಎರಡು ವರ್ಷ ಕಳಕೊಂಡರು. ರೊಕ್ಕ ಕೊಟ್ಟು ಖುರ್ಚಿಯ ಮೇಲೆ ಕುಳಿತವನು ಆ ರೊಕ್ಕವನ್ನು ಯಾರಿಂದ ತೆಗೆಯುತ್ತಾನೆ ಅಂತ ನಿಮಗೆ ಹೇಳಬೇಕಿಲ್ಲ. ಮಗನನ್ನೋ ಮಗಳನ್ನೋ ನೌಕರಿಗೆ ಸೇರಿಸಲು ಲಂಚಕ್ಕಾಗಿ ಸಂಘದಲ್ಲಿ ಸಾಲ ಕೇಳಲು ಬಂದವರಿಗೆ ಈ ಕಥೆ ಹೇಳಿರಿ.

ಹಾಗಂತ ಇಲಾಖೆಯಲ್ಲಿ ಒಳ್ಳೆಯವರು ಇಲ್ಲವೇ? ಇದ್ದಾರೆ. ತಮಿಳುನಾಡಿನ ಸಾತ್ತಾನ್‌ಕುಳಂ ಎಂಬ ಊರಿನಲ್ಲಿ 2020ರ ಜೂನ್‌ದಲ್ಲಿ, ಕೊರೊನಾ ಕಾಲದಲ್ಲಿ, ಅಂಗಡಿ ನಡೆಸುತ್ತಿದ್ದ ತಂದೆ ಮತ್ತು ಮಗನನ್ನು ಪೊಲೀಸರು ಹಿಡಿದೊಯ್ದರು. ಇಬ್ಬರೂ ಪೊಲೀಸರ ಹೊಡೆತದಿಂದ ಸತ್ತರು ಎಂಬ ಸುದ್ದಿ ದೇಶವನ್ನೇ ನಡುಗಿಸಿತು. ಆಗ ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ವಿಚಾರಣೆಗೆ ಬಂದ ಮ್ಯಾಜಿಸ್ಟ್ರೇಟರ ಮುಂದೆ, ರಾತ್ರಿಯೆಲ್ಲಾ ಹೊಡೆದರು ಎಂದು ಕಂಡದ್ದನ್ನು ಕಂಡಂತೆ ಹೇಳಿಕೆ ಕೊಟ್ಟಳು. ಸಂಗಡ ಕೆಲಸ ಮಾಡುವವರ ವಿರುದ್ಧ ಸಾಕ್ಷಿ ಹೇಳುವುದು ಸಣ್ಣ ಮಾತಲ್ಲ. ಸತ್ಯ ಹೇಳುವವರು ಒಳಗೂ ಇದ್ದಾರೆ. ಹೊರಗಿನ ನಾವು ದೂರು ಕೊಟ್ಟರೆ ಅವರಿಗೂ ಬಲ ಬರುತ್ತದೆ.

ಒಂದು ಪತ್ರದ ಶಕ್ತಿ

‘ನಮ್ಮಂಥ ಹೆಣ್ಣಮಕ್ಕಳು ಒಂದು ಅರ್ಜಿ ಕೊಟ್ರ ಏನಾಗತೈತಿ?’ ಅಂತ ಕೇಳಬಹುದು. ಎರಡು ಸಂಗತಿ ಹೇಳುತ್ತೇನೆ.

1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಒಬ್ಬ ಬಡ ಆದಿವಾಸಿ ಹುಡುಗಿಯ ಮೇಲೆ ಠಾಣೆಯ ಆವರಣದಲ್ಲೇ ಅತ್ಯಾಚಾರವಾಯಿತು ಎಂದು ಇಬ್ಬರು ಪೊಲೀಸರ ಮೇಲೆ ಕೇಸಾಯಿತು. ಅವಳ ಮೈಮೇಲೆ ಗಾಯದ ಗುರುತಿಲ್ಲ, ಅವಳು ಕೂಗಾಡಲಿಲ್ಲ ಎಂದು ಹೇಳಿ ಸುಪ್ರೀಂ ಕೋರ್ಟು ಅವರನ್ನು ಬಿಟ್ಟುಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಊರೂರಿನಲ್ಲಿ ಮಹಿಳೆಯರು ಬೀದಿಗೆ ಇಳಿದರು. 1983ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿ ಹೆಣ್ಣಿನ ಮೇಲೆ ಅತ್ಯಾಚಾರ ಆದರೆ ಹೆಚ್ಚಿನ ಶಿಕ್ಷೆ, ಮತ್ತು ಅವಳು ಒಪ್ಪಿರಲಿಲ್ಲ ಎಂದು ಹೇಳಿದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕು ಎಂಬ ನಿಯಮ ಬಂತು.

ಇನ್ನೊಂದು, 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಎಂಬವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡಿತು. 1996ರ ಡಿಸೆಂಬರದಲ್ಲಿ ತೀರ್ಪು ಬಂತು. ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ 11 ನಿಯಮಗಳನ್ನು ಕೋರ್ಟು ಹಾಕಿಕೊಟ್ಟಿತು. ಹತ್ತು ವರ್ಷ ಹಿಡಿಯಿತು, ನಿಜ. ಆದರೆ ಇವತ್ತು ದೇಶದ ಯಾವ ಠಾಣೆಯೂ ಆ ನಿಯಮ ಗೊತ್ತಿಲ್ಲ ಎನ್ನುವಂತಿಲ್ಲ.

ಠಾಣೆಗೆ ಹೋದಾಗ ನೆನಪಿಡಬೇಕಾದದ್ದು

2024ರ ಜುಲೈ 1ರಿಂದ ಹಳೆಯ ಕಾನೂನುಗಳ ಬದಲು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿವೆ. ಹೆಸರು ದೊಡ್ಡದು, ಆದರೆ ನಮಗೆ ಬೇಕಾದ ಮಾತುಗಳು ಕೆಲವೇ. ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿರಿ.

1. ಕೊಲೆ, ಅತ್ಯಾಚಾರ, ಕಳವು, ವರದಕ್ಷಿಣೆ ಹಿಂಸೆಯಂಥ ಗಂಭೀರ ಅಪರಾಧ ಆಗಿದ್ದರೆ ಪೊಲೀಸರು ಎಫ್‌ಐಆರ್ ಬರೆಯಲೇಬೇಕು. 2013ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. ಕೆಲವು ಬಗೆಯ ಕೇಸುಗಳಲ್ಲಿ ಮಾತ್ರ ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನದೊಳಗೆ ಮೊದಲು ವಿಚಾರಣೆ ಮಾಡಬಹುದು.

2. ‘ಇದು ನಮ್ಮ ಹದ್ದಿಗೆ ಬರೂದಿಲ್ಲ, ಅಲ್ಲಿ ಹೋಗ್ರಿ’ ಎಂದು ಓಡಾಡಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರಿಗೆ ಇದು ಬಹಳ ಉಪಯೋಗ.

3. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಒಂದು ರೂಪಾಯಿಯೂ ಕೊಡಬೇಕಿಲ್ಲ. ಪ್ರತಿ ಕೈಗೆ ಬಾರದೆ ಮನೆಗೆ ಬರಬೇಡಿರಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರು ಕೊಟ್ಟವರಿಗೆ ತಿಳಿಸಬೇಕು.

4. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರ, ಆಸಿಡ್ ದಾಳಿಯಂಥ ದೂರನ್ನು ಬರೆದುಕೊಳ್ಳದ ಅಧಿಕಾರಿಗೆ 6 ತಿಂಗಳಿನಿಂದ 2 ವರ್ಷದವರೆಗೆ ಕಠಿಣ ಜೈಲು ಶಿಕ್ಷೆ ಮತ್ತು ದಂಡ ಇದೆ.

5. ಸಾಕ್ಷಿ ಕೇಳಲಿಕ್ಕೆ ಎಂದು ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ. ಮನೆಗೇ ಬಂದು ಕೇಳಬೇಕು.

6. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಗಳನ್ನು ಬಂಧಿಸುವಂತಿಲ್ಲ. ಬಹಳ ಅಗತ್ಯ ಬಿದ್ದರೆ ಮಹಿಳಾ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಹೆಣ್ಣಿನ ಮೈ ತಪಾಸಣೆಯನ್ನು ಹೆಣ್ಣೇ ಮಾಡಬೇಕು.

7. ಯಾರನ್ನೇ ಹಿಡಿದರೂ ಕಾರಣ ಹೇಳಬೇಕು. ಬಂಧನದ ಪತ್ರ ಬರೆಯಬೇಕು, ಅದಕ್ಕೆ ಮನೆಯವರ ಅಥವಾ ಊರಿನ ಮರ್ಯಾದಸ್ಥರ ಸಹಿ ಬೇಕು. ಮನೆಗೆ ಸುದ್ದಿ ಮುಟ್ಟಿಸಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

8. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಹಾಕಬೇಕು, ಚಿತ್ರಗಳನ್ನು 18 ತಿಂಗಳು, ಆಗದಿದ್ದರೆ ಕಡಿಮೆ ಅಂದರೂ 1 ವರ್ಷ ಇಡಬೇಕು ಎಂದು 2020ರ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದೆ. ಠಾಣೆಯಲ್ಲಿ ಅನ್ಯಾಯ ಆದರೆ ಆ ದಿನ, ಆ ವೇಳೆ ಬರೆದಿಟ್ಟುಕೊಳ್ಳಿರಿ. ಕ್ಯಾಮೆರಾದ ಚಿತ್ರ ಕೇಳಲು ಅದು ಬೇಕಾಗುತ್ತದೆ.

ಗಂಡ ಹೊಡೆಯುತ್ತಾನೆ ಎಂದು ಹೋದರೆ ‘ಗಂಡ-ಹೆಂಡಿರ ಜಗಳ, ಹೊಂದಿಕೊಂಡು ಹೋಗವ್ವಾ’ ಎಂದು ಕಳಿಸುವುದು ಉಂಟು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರಲ್ಲೇ ಕಾನೂನು ಬಂದಿದೆ. ಆ ಕಾನೂನಿನಂತೆ ನಿಮಗಿರುವ ಹಕ್ಕು, ರಕ್ಷಣಾಧಿಕಾರಿ, ಪುಕ್ಕಟೆ ವಕೀಲರ ನೆರವು - ಇವನ್ನೆಲ್ಲಾ ತಿಳಿಸಿ ಹೇಳುವುದು ಪೊಲೀಸರ ಕರ್ತವ್ಯ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾಳೆ.

ಇನ್ನು ಸಂಘದವರಿಗೆ ನೇರವಾಗಿ ತಟ್ಟುವ ಮಾತು. ಮೈಕ್ರೋಫೈನಾನ್ಸ್‌ನವರು ಕಂತು ತಡವಾದರೆ ಮನೆ ಮುಂದೆ ಕೂಡುವುದು, ಬಾಯಿಗೆ ಬಂದಂತೆ ಬೈಯುವುದು, ಸಾಮಾನು ಎತ್ತಿಕೊಂಡು ಹೋಗುವುದು ಕಂಡಿದ್ದೀರಿ. ಈ ಕಾಟಕ್ಕೆ ಊರು ಬಿಟ್ಟವರೂ, ಜೀವ ಕಳಕೊಂಡವರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾನೂನಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಇಂಥ ದೂರನ್ನು ಠಾಣೆಯವರು ನಿರಾಕರಿಸುವಂತಿಲ್ಲ ಎಂದು ಆ ಕಾನೂನಿನಲ್ಲೇ ಬರೆದಿದೆ. ಸಾಲ ತೀರಿಸುವುದು ನಮ್ಮ ಧರ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಕೊಟ್ಟವನಿಗೆ ನಮ್ಮ ಮಾನ ಕಳೆಯುವ ಹಕ್ಕಿಲ್ಲ.

ದೂರು ತೆಗೆದುಕೊಳ್ಳದಿದ್ದರೆ?

ಠಾಣೆಯಲ್ಲಿ ಬರೆದುಕೊಳ್ಳಲಿಲ್ಲ ಅಂದರೆ ಅಲ್ಲಿಗೆ ದಾರಿ ಮುಗಿಯುವುದಿಲ್ಲ. ನಡೆದದ್ದನ್ನೆಲ್ಲ ಬರೆದು ವಿಜಾಪುರದ ಎಸ್‌ಪಿ ಸಾಹೇಬರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿರಿ. ಅಂಚೆಯ ರಸೀದಿ ಜೋಪಾನ ಮಾಡಿರಿ. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ವಕೀಲರಿಗೆ ರೊಕ್ಕ ಎಲ್ಲಿಂದ ತರೋಣ ಎನ್ನಬೇಡಿರಿ. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಪುಕ್ಕಟೆ ಕಾನೂನು ನೆರವು ಕೊಡಬೇಕು ಎಂದು 1987ರ ಕಾಯ್ದೆ ಹೇಳುತ್ತದೆ. ಮುದ್ದೇಬಿಹಾಳದ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿರಿ. ಫೋನ್ ಮಾಡುವುದಾದರೆ 15100.

ಪೊಲೀಸರೇ ಹೊಡೆದರೆ, ಹೆಣ್ಣುಮಕ್ಕಳ ಸಂಗಡ ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡಲು ಬೇರೆ ಜಾಗವಿದೆ. ಪ್ರಕಾಶ್ ಸಿಂಗ್ ಎಂಬ ನಿವೃತ್ತ ಪೊಲೀಸ್ ಮುಖ್ಯಸ್ಥರೇ ಪೊಲೀಸ್ ಇಲಾಖೆ ಸುಧಾರಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2006ರ ಸೆಪ್ಟೆಂಬರ್ 22ರಂದು ಬಂದ ತೀರ್ಪಿನಲ್ಲಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದು ಕೋರ್ಟು ಹೇಳಿತು. ನಮ್ಮ ರಾಜ್ಯದಲ್ಲಿ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೇಳಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗ, ಮಹಿಳಾ ಆಯೋಗ ಕೂಡ ಇವೆ. ಈ ಕಚೇರಿಗಳಲ್ಲಿ ತಡವಾಗುತ್ತದೆ, ತಿರುಗಾಡಬೇಕಾಗುತ್ತದೆ; ಸುಳ್ಳು ಆಸೆ ತೋರಿಸುವುದಿಲ್ಲ. ಆದರೆ ಬಾಗಿಲು ಬಡಿಯುವವರೇ ಇಲ್ಲದಿದ್ದರೆ ಒಳಗಿನವರು ಏಳುವುದು ಯಾವಾಗ?

ಸಂಘ ಏನು ಮಾಡಬಹುದು?

ಒಬ್ಬಳೇ ಠಾಣೆಗೆ ಹೋದರೆ ಆಕೆ ‘ಬಡಪಾಯಿ’. ಐದು ಮಂದಿ ಹೋದರೆ ಅದು ಸಂಘ. ಬ್ಯಾಂಕಿನಲ್ಲಿ ಇದನ್ನು ನೀವೇ ಕಂಡಿದ್ದೀರಿ. ಆದ್ದರಿಂದ ಸದಸ್ಯೆ ಒಬ್ಬಳು ಠಾಣೆಗೆ ಹೋಗಬೇಕಾದರೆ ಜೊತೆಗೆ ಇಬ್ಬರಾದರೂ ಹೋಗಬೇಕು ಎಂದು ಠರಾವು ಮಾಡಿರಿ. ಓದು ಬಲ್ಲ ಒಬ್ಬಾಕೆ ಇರಲಿ. ಹೋದ ದಿನ, ವೇಳೆ, ಮಾತಾಡಿದ ಅಧಿಕಾರಿಯ ಹೆಸರು, ಅವರು ಕೊಟ್ಟ ಉತ್ತರ - ಇಷ್ಟನ್ನು ನಡಾವಳಿಯಲ್ಲಿ ಬರೆಯಿರಿ. ಹೆಸರಿನ ಪಟ್ಟಿ ಅಂಗಿಯ ಮೇಲೇ ಇರುತ್ತದೆ.

ಕಷ್ಟ ಬಂದಾಗ ಮಾತ್ರ ಠಾಣೆಯ ಮುಖ ನೋಡುವುದು ಬೇಡ. ನಿಮ್ಮ ಓಣಿಯ ಬೀಟ್ ಪೊಲೀಸ್ ಯಾರು ಎಂದು ತಿಳಿದುಕೊಳ್ಳಿರಿ. 2025ರ ಜುಲೈದಲ್ಲಿ ಸರಕಾರ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮ ಸುರು ಮಾಡಿತು. ಅವರು ನಮ್ಮ ಮನೆಗೆ ಬರುವುದಾದರೆ ನಾವೂ ಅವರನ್ನು ಒಮ್ಮೆ ಸಂಘದ ಸಭೆಗೆ ಕರೆಯೋಣ. ಚಹಾ ಕೊಡೋಣ, ಪ್ರಶ್ನೆಯನ್ನೂ ಕೇಳೋಣ. ಒಳ್ಳೆಯ ಕೆಲಸ ಮಾಡಿದ ಪೊಲೀಸರ ಬಗ್ಗೆ ಎಸ್‌ಪಿಯವರಿಗೆ ಒಂದು ಪತ್ರ ಬರೆಯೋಣ. ತಪ್ಪಾದಾಗ ಬರೆಯುವ ಕೈ ಒಳ್ಳೆಯದಾದಾಗಲೂ ಬರೆಯಬೇಕು.

ನಮ್ಮ ಕಡೆಯಿಂದಲೂ ಮೂರು ಕಟ್ಟಳೆ ಇರಲಿ. ಸೇಡಿಗಾಗಿ ಸುಳ್ಳು ದೂರು ಕೊಡಬಾರದು. ಒಂದು ಸುಳ್ಳು ದೂರು ಹತ್ತು ನಿಜವಾದ ದೂರುಗಳ ಬಾಯಿ ಮುಚ್ಚಿಸುತ್ತದೆ. ಕೆಲಸ ಬೇಗ ಆಗಲಿ ಎಂದು ನಾವಾಗಿ ಕೈ ಬಿಸಿ ಮಾಡಬಾರದು. ಮಕ್ಕಳ ಮೇಲಿನ, ಹೆಣ್ಣಿನ ಮೇಲಿನ ಅತ್ಯಾಚಾರದಂಥ ಅಪರಾಧವನ್ನು ಊರ ಹಿರಿಯರ ಮುಂದೆ ರಾಜಿ ಮಾಡಿ ಮುಚ್ಚಿಹಾಕಬಾರದು. ಪೊಲೀಸರು ಕಾನೂನು ಮುರಿದರೆ ತಪ್ಪು ಎನ್ನುವ ನಾವು ನಮ್ಮ ಅಂಗಳದಲ್ಲಿ ಅದನ್ನು ಮುರಿಯುವುದು ಹೇಗೆ ಸರಿ?

ಸಹೋದರಿಯರೇ, ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ಮಕ್ಕಳನ್ನು ಪೊಲೀಸರ ಹೆಸರಿನಿಂದ ಹೆದರಿಸುವುದನ್ನು ಬಿಡಿರಿ. ಅದರ ಬದಲು ಮೂರು ನಂಬರು ಬಾಯಿಪಾಠ ಮಾಡಿಸಿರಿ: ತುರ್ತು ಸಹಾಯಕ್ಕೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಮುಂದಿನ ವಾರದ ಸಭೆಯಲ್ಲಿ ಠಾಣೆಗೆ ಜೊತೆಯಾಗಿ ಹೋಗುವ ಇಬ್ಬರು ಯಾರು ಎಂದು ಹೆಸರು ಹಚ್ಚಿ ನಡಾವಳಿಯಲ್ಲಿ ಬರೆಯಿರಿ. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿರಿ, ಸಹಿ ಹಾಕಿರಿ.

ಈಗ ನಿಮ್ಮ ಪ್ರಶ್ನೆ ಕೇಳ್ರಿ.